ಲಕ್ಷಣವಿಲ್ಲದವರಲ್ಲಿ ಪಾದರಸದ ತಪಾಸಣೆ

ಮಗು ಥರ್ಮಾಮೀಟರ್ ಕಚ್ಚಿ ಒಡೆಯಿತು, ಪಾದರಸ ಹೊಟ್ಟೆಗೆ ಹೋಯಿತು ಎಂದು ನಡುಗುತ್ತ ಬರುವ ತಂದೆತಾಯಿಗೆ ನಾನು ಮೊದಲು ಧೈರ್ಯ ಹೇಳುತ್ತೇನೆ. ನುಂಗಿದ ಲೋಹರೂಪದ ಪಾದರಸವನ್ನು ಆರೋಗ್ಯವಂತ ಕರುಳು ಹೀರಿಕೊಳ್ಳುವುದೇ ಇಲ್ಲ ಎನ್ನಬಹುದು. ಅದು ಮಲದಲ್ಲಿ ಹೊರಬೀಳುತ್ತದೆ. ಬಾಯಲ್ಲಿ ಗಾಜಿನ ಚೂರು ಉಳಿದಿದೆಯೇ ಎಂದು ನೋಡುವುದು ಹೆಚ್ಚು ಅಗತ್ಯ. ಆದರೆ ಅದೇ ಹನಿ ಮುಚ್ಚಿದ ಕೋಣೆಯ ನೆಲದಲ್ಲಿ ಉಳಿದರೆ ಮಾತು ಬೇರೆ. ಉಸಿರಿನೊಡನೆ ಒಳಹೋದ ಪಾದರಸದ ಆವಿಯಲ್ಲಿ ಸುಮಾರು ಶೇ 80ರಷ್ಟು ರಕ್ತಕ್ಕೆ ಸೇರುತ್ತದೆ. ಪೊರಕೆಯಿಂದ ಗುಡಿಸಿದರಂತೂ ಹನಿ ಒಡೆದು ಹರಡಿ ಇನ್ನೂ ಬೇಗ ಆವಿಯಾಗುತ್ತದೆ.

ಯಾವ ರೂಪದ ಪಾದರಸ, ಯಾವ ದಾರಿಯಿಂದ, ಎಷ್ಟು ಕಾಲ? ಈ ವಿಚಾರಣೆ ಮುಗಿಯದೆ ಲ್ಯಾಬಿಗೆ ಚೀಟಿ ಬರೆಯಬಾರದು. ಮೀನಿನ ಮೂಲಕ ಬರುವ ಮೀಥೈಲ್ ಪಾದರಸವನ್ನು ರಕ್ತದಲ್ಲಿ ಅಳೆಯಬೇಕು. ಅದು ಬಹುಪಾಲು ಮಲದಲ್ಲಿ ಹೊರಹೋಗುವುದರಿಂದ ಮೂತ್ರದ ವರದಿ ನಮ್ಮನ್ನು ದಾರಿತಪ್ಪಿಸುತ್ತದೆ. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಇದು ಹೆಚ್ಚು. ಬೂತಾಯಿಯಂಥ ಚಿಕ್ಕ ಮೀನು ತಿನ್ನುವ ಕರಾವಳಿಯವರು ಹೆದರಬೇಕಾಗಿಲ್ಲ. ಆವಿ ಅಥವಾ ಪಾದರಸ ಬೆರೆತ ಕ್ರೀಮ್‌ನ ಶಂಕೆಯಿದ್ದರೆ ಮೂತ್ರವೇ ಸರಿಯಾದ ಮಾದರಿ, ಅದೂ ಮೂತ್ರ ಎಷ್ಟು ತೆಳುವಾಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದೊಂದಿಗೆ ಹೋಲಿಸಿ.

ನನ್ನನ್ನು ಹೆಚ್ಚು ಕಾಡುವುದು ಮೈಬಣ್ಣ ತಿಳಿಯಾಗಿಸುವ ಕ್ರೀಮ್‌ಗಳು. ಪ್ರಸಾಧನ ಸಾಮಗ್ರಿಯಲ್ಲಿ ಪಾದರಸ ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರಬಾರದು ಎಂಬ ನಿಯಮವಿದ್ದರೂ, ತಯಾರಕರ ವಿಳಾಸವೇ ಇಲ್ಲದ ಡಬ್ಬಿಗಳು ಮಾರಾಟವಾಗುತ್ತವೆ. ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮ್ ಹಚ್ಚುತ್ತಿದ್ದವರ ಮೂತ್ರಪಿಂಡದ ಸೋಸುಪೊರೆಗೇ ಹಾನಿಯಾದದ್ದನ್ನು ಅಲ್ಲಿನ ವೈದ್ಯರು ಗುರುತಿಸಿ ಪ್ರಕಟಿಸಿದ್ದಾರೆ. ಕಾಲು ಊದಿಕೊಳ್ಳುವ ಮೊದಲೇ ಮೂತ್ರದಲ್ಲಿ ಪ್ರೋಟೀನ್ ಸೋರಲು ತೊಡಗಿರಬಹುದು. ಆದ್ದರಿಂದ ‘ನನಗೇನೂ ತೊಂದರೆಯಿಲ್ಲ’ ಎನ್ನುವವರಿಗೂ ಅಗ್ಗದ ಈ ಪ್ರೋಟೀನ್ ಪರೀಕ್ಷೆಯನ್ನು ನಾನು ಬಿಡುವುದಿಲ್ಲ.

ಸಾಮಾನ್ಯವಾಗಿ ರಕ್ತದಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ, ಮೂತ್ರದಲ್ಲಿ 20 ಮೈಕ್ರೋಗ್ರಾಂ ಒಳಗಿದ್ದರೆ ಗಾಬರಿಗೆ ಕಾರಣವಿಲ್ಲ. ಹಲ್ಲಿಗೆ ತುಂಬಿಸಿದ ಅಮಾಲ್ಗಮ್, ಅಂದರೆ ಪಾದರಸ ಬೆರೆತ ಲೋಹದ ಮಿಶ್ರಣ, ಈ ಅಂಕಿಯನ್ನು ತುಸು ಏರಿಸಬಹುದು. ಅಷ್ಟಕ್ಕೇ ಅದನ್ನು ಕೀಳಿಸಬೇಡಿ, ಕೊರೆಯುವಾಗಲೇ ಆವಿ ಹೆಚ್ಚು ಏಳುತ್ತದೆ.

ಒಂದು ಪದ್ಧತಿಯನ್ನು ಮಾತ್ರ ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಲೋಹವನ್ನು ಸೆಳೆದು ಹೊರಹಾಕುವ ಡಿಎಂಎಸ್‌ಎಯಂಥ ಔಷಧಿ ಕೊಟ್ಟು, ಬಳಿಕ ಮೂತ್ರ ಸಂಗ್ರಹಿಸಿ, ಔಷಧಿ ತೆಗೆದುಕೊಳ್ಳದವರ ಮಿತಿಯೊಂದಿಗೆ ಹೋಲಿಸುತ್ತಾರೆ. ಹಾಗೆ ಮಾಡಿದರೆ ಆರೋಗ್ಯವಂತರ ವರದಿಯೂ ‘ಹೆಚ್ಚು’ ಎಂದೇ ಬರಬಹುದು. ಅಮೆರಿಕದ ವೈದ್ಯಕೀಯ ವಿಷಶಾಸ್ತ್ರ ಸಂಸ್ಥೆ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಆ ವರದಿ ಹಿಡಿದು ಶುರುಮಾಡುವ ಚಿಕಿತ್ಸೆಯೂ ನಿರಪಾಯವಲ್ಲ: 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನಿಗೆ ಇಡಿಟಿಎ ಎಂಬ ಇಂಥದೇ ಔಷಧಿ ಕೊಟ್ಟಾಗ ರಕ್ತದ ಕ್ಯಾಲ್ಸಿಯಂ ಕುಸಿದು ಅವನು ಸತ್ತ.

ಲಕ್ಷಣವಿಲ್ಲದ ಬಹುತೇಕರಿಗೆ ಬೇಕಾದದ್ದು ಮೂಲವನ್ನು ನಿಲ್ಲಿಸುವುದು, ಎರಡು ಮೂರು ತಿಂಗಳ ಬಳಿಕ ಮತ್ತೆ ಅಳೆಯುವುದು. ಗರ್ಭಿಣಿಯಾದರೆ ತಡಮಾಡದೆ ತಜ್ಞರನ್ನು ಕಾಣಬೇಕು. ಕ್ರೀಮ್ ಹಚ್ಚುವವರು ಡಬ್ಬಿಯನ್ನೇ ತನ್ನಿ, ಜೊತೆಗೆ ಮನೆಯ ಮಕ್ಕಳನ್ನೂ ಕರೆತನ್ನಿ. ಒಂದೇ ಟವೆಲ್, ಒಂದೇ ದಿಂಬಿನ ಮೂಲಕ ಕ್ರೀಮ್ ಹಚ್ಚದವರ ಮೈಗೂ ಪಾದರಸ ಸೇರುತ್ತದೆ.