ಚರ್ಚ್‌ನ ಗುಮ್ಮಟಕ್ಕೆ ಕಟ್ಟಿದ ಲೋಲಕ

ಪ್ಯಾರಿಸ್‌ನ ಪ್ಯಾಂಥಿಯಾನ್ ಮೊದಲಿಗೆ ಹರಕೆಯ ಚರ್ಚ್. 1744ರಲ್ಲಿ ಕಾಯಿಲೆ ಬಿದ್ದ ದೊರೆ 15ನೇ ಲೂಯಿ, ಹುಷಾರಾದರೆ ಪ್ಯಾರಿಸ್‌ನ ರಕ್ಷಕ ಸಂತಳಾದ ಜೆನೆವೀವ್‌ಗೆ ಹೊಸ ಚರ್ಚ್ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತ. ಕೆಲಸ ಮುಗಿಯುವಷ್ಟರಲ್ಲಿ 1790. ದೊರೆ ಸತ್ತಿದ್ದ, ಕ್ರಾಂತಿಯೂ ಶುರುವಾಗಿತ್ತು. ಮರುವರ್ಷವೇ ಅದನ್ನು ದೇಶದ ಗಣ್ಯರ ಸಮಾಧಿ ಮಂದಿರ ಮಾಡಿದರು. ಕೆಳಗಿನ ಕಿಟಕಿಗಳಿಗೆ ಗೋಡೆ ಎಬ್ಬಿಸಿದರು. ಆಮೇಲೆ ಸರ್ಕಾರ ಬದಲಾದ ಹಾಗೆಲ್ಲ ಒಮ್ಮೆ ಚರ್ಚ್, ಒಮ್ಮೆ ಸ್ಮಾರಕ. ನೆಪೋಲಿಯನ್ ಅಂತೂ ಮೇಲೆ ಪೂಜೆ, ನೆಲಮಾಳಿಗೆಯಲ್ಲಿ ಗೋರಿ ಎಂದು ಎರಡೂ ಕಡೆಯವರನ್ನು ಸಮಾಧಾನ ಮಾಡಿದ!

ನನಗೆ ಈ ಜಗ್ಗಾಟಕ್ಕಿಂತ ಜಾಸ್ತಿ ಇಷ್ಟವಾಗುವುದು 1851. ಭೂಮಿ ತನ್ನ ಸುತ್ತ ತಾನು ತಿರುಗುವುದನ್ನು ಆಕಾಶ ನೋಡದೆ ತೋರಿಸಬೇಕೆಂದು ಹೊರಟ ಫ್ರೆಂಚ್ ಭೌತವಿಜ್ಞಾನಿ ಲಿಯೋನ್ ಫೂಕೋಗೆ ಬೇಕಿದ್ದದ್ದು ಎತ್ತರ. ತಂತಿ ಉದ್ದವಿದ್ದು ಗುಂಡು ಭಾರವಾಗಿದ್ದರೆ ಲೋಲಕ ಗಂಟೆಗಟ್ಟಲೆ ತೂಗುತ್ತದೆ. ಗುಮ್ಮಟದಿಂದ 67 ಮೀಟರ್ ತಂತಿ ಇಳಿಬಿಟ್ಟು, ತುದಿಗೆ 28 ಕಿಲೋ ಗುಂಡು ಕಟ್ಟಿದ. ಕೈಯಿಂದ ಬಿಟ್ಟರೆ ಪಕ್ಕಕ್ಕೆ ವಾಲೀತು. ಅದಕ್ಕೆ ಗುಂಡನ್ನು ಒಂದು ಬದಿಗೆ ಎಳೆದು ದಾರದಿಂದ ಬಿಗಿದು, ಆ ದಾರವನ್ನು ಸುಡುತ್ತಿದ್ದ.

ಒಮ್ಮೆ ಹೋಗಿ ಬರಲು ಸುಮಾರು 16 ಸೆಕೆಂಡು. ಗುಂಡಿನ ಕೆಳಗಿನ ಮೊನೆ, ಅಂಚಿನಲ್ಲಿ ಸುರಿದಿದ್ದ ಮರಳಿನ ದಿಬ್ಬವನ್ನು ಪ್ರತಿ ಸಲವೂ ಎರಡು–ಮೂರು ಮಿಲಿಮೀಟರ್ ಆಚೆ ಸೀಳುತ್ತಿತ್ತು. ಲೋಲಕವನ್ನು ಪಕ್ಕಕ್ಕೆ ತಳ್ಳುವವರು ಯಾರೂ ಇಲ್ಲ. ಹಾಗಾದರೆ ತಿರುಗುತ್ತಿರುವುದು ಕೆಳಗಿನ ನೆಲವೇ ಅಲ್ವಾ?

ಧ್ರುವದಲ್ಲಾದರೆ ಲೋಲಕ ತೂಗುವ ದಿಕ್ಕು ಒಂದು ಸುತ್ತು ಬರಲು ಒಂದು ದಿನ ಸಾಕು. ಪ್ಯಾರಿಸ್‌ನಲ್ಲಿ ಸುಮಾರು 32 ಗಂಟೆ ಬೇಕು. ಸಮಭಾಜಕಕ್ಕೆ ಹತ್ತಿರವಾದಷ್ಟೂ ತಡ. ನಮ್ಮ ಬೆಂಗಳೂರಿನಲ್ಲಿ ತೂಗುಹಾಕಿದರೆ ನಾಲ್ಕು ದಿನ ದಾಟುತ್ತದೆ. ಸಮಭಾಜಕದ ಮೇಲಂತೂ ಆ ದಿಕ್ಕು ತಿರುಗುವುದೇ ಇಲ್ಲ.

1851ರ ಡಿಸೆಂಬರ್‌ನಲ್ಲಿ ನೆಪೋಲಿಯನ್‌ನ ತಮ್ಮನ ಮಗ ಲೂಯಿ ನೆಪೋಲಿಯನ್ ಅಧಿಕಾರ ಕಿತ್ತುಕೊಂಡು ಕಟ್ಟಡವನ್ನು ಮತ್ತೆ ಚರ್ಚ್‌ಗೆ ಕೊಟ್ಟ. ಲೋಲಕ ಕೆಳಗಿಳಿಯಿತು. 1885ರಲ್ಲಿ ಸಾಹಿತಿ ವಿಕ್ಟರ್ ಹ್ಯೂಗೋನನ್ನು ಅಲ್ಲಿ ಮಣ್ಣು ಮಾಡುವಾಗ ಅದು ಪುನಃ ಗಣ್ಯರ ಸಮಾಧಿಯಾಯಿತು, ಇವತ್ತಿಗೂ ಹಾಗೇ ಇದೆ. ಎತ್ತರದ ಪ್ರಯೋಜನ ಮಾತ್ರ ಮುಗಿದಿರಲಿಲ್ಲ. 1898ರಲ್ಲಿ ವೈಜ್ಞಾನಿಕ ಉಪಕರಣ ತಯಾರಕ ಯೂಜೀನ್ ಡ್ಯುಕ್ರೆಟೆ ಐಫೆಲ್ ಗೋಪುರದಿಂದ ಕಳಿಸಿದ ರೇಡಿಯೊ ಸಂಕೇತ ಸುಮಾರು 4 ಕಿಲೋಮೀಟರ್ ದಾಟಿ ಬಂದು ಮುಟ್ಟಿದ್ದು ಇಲ್ಲಿಗೇ.

1995ರಲ್ಲಿ ವಿಕಿರಣ ವಿಜ್ಞಾನಿಗಳಾದ ಮೇರಿ ಮತ್ತು ಪಿಯರೆ ಕ್ಯೂರಿಯವರ ಅವಶೇಷಗಳನ್ನು ಇಲ್ಲಿಗೆ ತಂದರು. ಮೇರಿಯ ಶವಪೆಟ್ಟಿಗೆಗೆ ವಿಕಿರಣ ತಡೆಯುವ ಸೀಸದ ಪದರವಿತ್ತು. ಗುಮ್ಮಟದ ಕೆಳಗೆ ಫೂಕೋನ ಲೋಲಕದ ಪ್ರತಿಯನ್ನು ತೂಗುಹಾಕಿದ್ದೂ ಅದೇ ವರ್ಷ.