ಕುಳಿ ಆಕಾಶದ್ದೋ, ಆಂಟೆನಾದ್ದೋ?

ರೇಡಿಯೊ ಉಪಕರಣಗಳನ್ನು ಅಳೆದು ಪರೀಕ್ಷಿಸುವ ಕಸುಬಿನವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಹೊಸ ಸಂಕೇತ ಸಿಕ್ಕಿತೆಂದು ಯಾರಾದರೂ ಗ್ರಾಫ್ ಮುಂದಿಟ್ಟರೆ, ಕೇಬಲ್ ಎಷ್ಟು ಉದ್ದವಿತ್ತು, ಆಂಟೆನಾದ ಕೆಳಗೆ ಏನಿತ್ತು ಎಂದು ಕೇಳಿದ ಮೇಲೆಯೇ ನಾವು ಸಂಕೇತದ ಕಡೆ ತಿರುಗುವುದು. 2018ರ ಮಾರ್ಚ್ 1ರ ‘ನೇಚರ್’ ಸಂಚಿಕೆಯಲ್ಲಿ ಬಂದ ಒಂದು ಗ್ರಾಫ್ ಈ ಚಟವನ್ನು ಜಗತ್ತಿನಾದ್ಯಂತ ಕೆರಳಿಸಿತು. ಅದಕ್ಕೆ ಸಿಕ್ಕಿದ ಅತ್ಯಂತ ಗಟ್ಟಿಯಾದ ಉತ್ತರ ಹೊರಟದ್ದು ಕರ್ನಾಟಕದ ನೀರಿನ ಮೇಲಿನಿಂದ. ಗ್ರಾಫ್ ಮಾಡಿದಷ್ಟು ಸದ್ದನ್ನು ಉತ್ತರ ಮಾಡಲಿಲ್ಲ.

ಗ್ರಾಫ್ ಪ್ರಕಟಿಸಿದ್ದು ಎಡ್ಜಸ್ ತಂಡ. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಜಡ್ ಬೌಮನ್ ಅದರ ಮುಂದಾಳು. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ನಿರ್ಜನ ಬಯಲಿನಲ್ಲಿ ಅವರು ಊಟದ ಮೇಜಿನಂತಹ ಒಂದು ಆಂಟೆನಾ ನಿಲ್ಲಿಸಿದ್ದರು. ಇಡೀ ಆಕಾಶದಿಂದ ಬರುವ ರೇಡಿಯೊ ಶಕ್ತಿಯನ್ನು ಅಳೆದಾಗ, 78 ಮೆಗಾಹರ್ಟ್ಸ್ ಸುತ್ತ ಸುಮಾರು 19 ಮೆಗಾಹರ್ಟ್ಸ್ ಅಗಲದ, ಅರ್ಧ ಕೆಲ್ವಿನ್ ಆಳದ ಒಂದು ಕುಳಿ ಗ್ರಾಫ್‌ನ ಗೆರೆಯಲ್ಲಿ ಕಂಡಿತು. (ಆಕಾಶದ ರೇಡಿಯೊ ಶಕ್ತಿಯನ್ನು ಉಷ್ಣತೆಯ ಮಾನವಾದ ಕೆಲ್ವಿನ್‌ನಲ್ಲೇ ಹೇಳುವುದು ನಮ್ಮ ರೂಢಿ.) ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಇದು ಎಂದು ತಂಡ ಹೇಳಿತು.

ಕುಳಿಗೂ ನಕ್ಷತ್ರಗಳಿಗೂ ಏನು ಸಂಬಂಧ? ಮಹಾಸ್ಫೋಟವಾಗಿ ಸುಮಾರು 3,80,000 ವರ್ಷಗಳ ನಂತರ ವಿಶ್ವದಲ್ಲಿ ಉಳಿದದ್ದು ಹೆಚ್ಚಾಗಿ ತಟಸ್ಥ ಜಲಜನಕ, ಜೊತೆಗೆ ಎಲ್ಲೆಡೆ ಹರಡಿದ ಹಿನ್ನೆಲೆ ವಿಕಿರಣ. ಜಲಜನಕದ ಪರಮಾಣು 21 ಸೆಂಟಿಮೀಟರ್ ತರಂಗಾಂತರದ, ಅಂದರೆ 1420 ಮೆಗಾಹರ್ಟ್ಸ್‌ನ ರೇಡಿಯೊ ಅಲೆಯನ್ನು ಹೀರಬಲ್ಲದು, ಸೂಸಲೂ ಬಲ್ಲದು. ಮೊದಲ ನಕ್ಷತ್ರಗಳ ಅತಿನೇರಳೆ ಬೆಳಕು ಬಿದ್ದಾಗ ಆ ಪರಮಾಣುಗಳ ಸ್ಥಿತಿ ಸುತ್ತಲಿನ ತಣ್ಣನೆಯ ಅನಿಲದ ಉಷ್ಣತೆಗೆ ಹೊಂದಿಕೊಳ್ಳುತ್ತದೆ. ಅನಿಲ ಹಿನ್ನೆಲೆ ವಿಕಿರಣಕ್ಕಿಂತ ತಣ್ಣಗಿರುವುದರಿಂದ ಅದು ಆ ವಿಕಿರಣವನ್ನು ಹೀರತೊಡಗುತ್ತದೆ. ಮುಂದೆ ಕ್ಷ-ಕಿರಣಗಳು ಅನಿಲವನ್ನು ಬಿಸಿ ಮಾಡಿದಾಗ ಹೀರಿಕೆ ನಿಲ್ಲುತ್ತದೆ. ಹೀಗೆ ಒಂದು ಇಳಿತ, ಒಂದು ಏರಿಕೆ, ನಡುವೆ ಕುಳಿ. ವಿಶ್ವ ಹಿಗ್ಗಿದಂತೆ ಆ ಅಲೆಯೂ ಹದಿನೆಂಟು ಪಟ್ಟು ಹಿಗ್ಗಿ ಇಂದು ನಮಗೆ 78 ಮೆಗಾಹರ್ಟ್ಸ್‌ನಲ್ಲಿ ಸಿಗಬೇಕು. ಲೆಕ್ಕ ಹಾಕಿದರೆ ಅದು ಮಹಾಸ್ಫೋಟದ ನಂತರ ಸುಮಾರು 18 ಕೋಟಿ ವರ್ಷಗಳ ಹೊತ್ತು. ಇಷ್ಟರವರೆಗೆ ಯಾರ ತಕರಾರೂ ಇಲ್ಲ.

ತಕರಾರು ಇದ್ದದ್ದು ಆಳದ ಬಗ್ಗೆ. ಗೊತ್ತಿರುವ ಭೌತಶಾಸ್ತ್ರದ ಪ್ರಕಾರ ಈ ಕುಳಿ ಸುಮಾರು 0.2 ಕೆಲ್ವಿನ್‌ಗಿಂತ ಆಳವಾಗುವಂತಿಲ್ಲ. ಎಡ್ಜಸ್ ಕಂಡದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಸಾಲದ್ದಕ್ಕೆ ಕುಳಿಯ ತಳ ಚಪ್ಪಟೆ. ಅನಿಲ ನಾವೆಣಿಸಿದ್ದಕ್ಕಿಂತ ತೀರಾ ತಣ್ಣಗಿರಬೇಕು, ಇಲ್ಲವೇ ಹಿನ್ನೆಲೆಯಲ್ಲಿ ನಮಗೆ ತಿಳಿಯದ ಇನ್ನಷ್ಟು ರೇಡಿಯೊ ಬೆಳಕು ಇರಬೇಕು. ಅನಿಲದ ಶಾಖವನ್ನು ಕಪ್ಪು ದ್ರವ್ಯ, ಅಂದರೆ ಬೆಳಕು ಸೂಸದ, ಗುರುತ್ವದಿಂದ ಮಾತ್ರ ಇರವು ಗೊತ್ತಾಗುವ ವಸ್ತು, ಕದ್ದಿರಬಹುದು ಎಂದು ಇಸ್ರೇಲಿನ ರೆನ್ನನ್ ಬರ್ಕಾನ ಅದೇ ಸಂಚಿಕೆಯಲ್ಲಿ ಬರೆದರು. ಕಪ್ಪು ದ್ರವ್ಯದ ಹೆಸರು ಬಂದ ಮೇಲೆ ಕೇಳಬೇಕೆ? ಸಿದ್ಧಾಂತಿಗಳ ಪ್ರಬಂಧಗಳು ಸಾಲುಗಟ್ಟಿ ಬಂದವು.

ಕಪ್ಪು ದ್ರವ್ಯಕ್ಕೆ ಹೋಗುವ ಮೊದಲು ಕೇಬಲ್ ನೋಡೋಣ. 78 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕತ್ತಲೆಯಲ್ಲ. ನಮ್ಮ ಕ್ಷೀರಪಥದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಸೂಸುವ ರೇಡಿಯೊ ಶಕ್ತಿಯೇ ಸಾವಿರಾರು ಕೆಲ್ವಿನ್. ಅದರ ಮೇಲೆ ಅರ್ಧ ಕೆಲ್ವಿನ್ ಕುಳಿ ಎಂದರೆ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಅದನ್ನು ಹೊರತೆಗೆಯಲು ಇರುವ ಆಸರೆ ಒಂದೇ: ಕ್ಷೀರಪಥದ ಶಕ್ತಿ ಆವರ್ತನ ಹೆಚ್ಚಿದಂತೆ ನುಣುಪಾಗಿ ಇಳಿಯುತ್ತ ಹೋಗುತ್ತದೆ, ಅದರಲ್ಲಿ ಉಬ್ಬುತಗ್ಗು ಇರುವುದಿಲ್ಲ. ನುಣುಪಾದ ಗೆರೆಯೊಂದನ್ನು ಕಳೆದು ಉಳಿದದ್ದನ್ನು ನೋಡಬೇಕು. ಹಾಗೆ ಕಳೆದಾಗ ಉಪಕರಣವೇ ಒಂದು ಉಬ್ಬುತಗ್ಗನ್ನು ಸೇರಿಸಿದ್ದರೆ ಅದೂ ಆಕಾಶದ ಖಾತೆಗೇ ಬೀಳುತ್ತದೆ.

ಇದು ಊಹೆಯ ಮಾತಲ್ಲ, ನಮ್ಮ ಬೆಂಚಿನ ಮೇಲೆ ಪ್ರತಿದಿನ ಕಾಣುವ ವಿಷಯ. ಆಂಟೆನಾ ಮತ್ತು ರಿಸೀವರ್ ನಡುವೆ ಐದು ಮೀಟರ್ ಕೋಆಕ್ಸಿಯಲ್ ಕೇಬಲ್ ಇದೆ ಎನ್ನಿ. ಎರಡೂ ತುದಿಗಳಲ್ಲಿ ಹೊಂದಾಣಿಕೆ ಪೂರ್ತಿ ಸರಿಯಿಲ್ಲದಿದ್ದರೆ, ಮತ್ತು ಅದು ಪೂರ್ತಿ ಸರಿಯಿರುವುದೇ ಇಲ್ಲ, ಶಕ್ತಿಯ ಒಂದು ಚೂರು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದು ಮೂಲ ಅಲೆಯ ಜೊತೆ ಕೂಡುತ್ತದೆ. ಕೆಲವು ಆವರ್ತನಗಳಲ್ಲಿ ಕೂಡಿ ಹೆಚ್ಚುತ್ತದೆ, ಕೆಲವುಗಳಲ್ಲಿ ಕಳೆದು ತಗ್ಗುತ್ತದೆ. ಸಾಮಾನ್ಯ ಕೇಬಲ್‌ನಲ್ಲಿ ಅಲೆಯ ವೇಗ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು. ಹೋಗಿ ಬರುವ ದಾರಿ ಹತ್ತು ಮೀಟರ್. ಆಗ ಏರಿಳಿತ ಸರಿಯಾಗಿ 20 ಮೆಗಾಹರ್ಟ್ಸ್‌ಗೊಮ್ಮೆ ಮರುಕಳಿಸುತ್ತದೆ. ಮೊದಲ ನಕ್ಷತ್ರಗಳ ಕುಳಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ! ಎಡ್ಜಸ್‌ನಲ್ಲಿ ಐದು ಮೀಟರ್ ಕೇಬಲ್ ಇತ್ತು ಎಂದು ನಾನು ಹೇಳುತ್ತಿಲ್ಲ. ಅವರು ಇಂತಹ ದೋಷ ಬರದಂತೆ ರಿಸೀವರನ್ನು ಆಂಟೆನಾದ ಅಡಿಯಲ್ಲೇ ಕೂರಿಸಿದ್ದರು, ಆಂಟೆನಾವನ್ನು ತಿರುಗಿಸಿ ನೋಡಿದ್ದರು, ಎರಡನೆಯ ಆಂಟೆನಾ ಇಟ್ಟೂ ಪರೀಕ್ಷಿಸಿದ್ದರು. ಎಚ್ಚರಿಕೆಯಲ್ಲಿ ಅವರಿಗೆ ಕೊರತೆ ಇರಲಿಲ್ಲ.

ಆದರೆ ಕೇಬಲ್ ಹೋದರೂ ನೆಲ ಉಳಿಯುತ್ತದೆ. ಆಂಟೆನಾದ ಕೆಳಗಿನ ಒಣ ಮಣ್ಣಿನಲ್ಲಿ ನಾಲ್ಕು ಮೀಟರ್ ಆಸುಪಾಸಿನಲ್ಲಿ ಒಂದು ಬಂಡೆಯ ಪದರವಿದ್ದರೆ ಅದರ ಪ್ರತಿಫಲನವೂ ಇದೇ 20 ಮೆಗಾಹರ್ಟ್ಸ್ ಲೆಕ್ಕಕ್ಕೆ ಬರುತ್ತದೆ. ನೆಲವನ್ನು ಮರೆಮಾಡಲು ಎಡ್ಜಸ್ ತಂಡ 30 ಮೀಟರ್ ಉದ್ದಗಲದ ಲೋಹದ ಹಾಸು ಹಾಕಿತ್ತು. ಆ ಹಾಸಿನ ರಚನೆಯಲ್ಲೇ ಅನುರಣನ ಹುಟ್ಟಿ ಇಂತಹ ಕುಳಿ ಮೂಡಬಹುದು ಎಂದು 2019ರಲ್ಲಿ ರಿಚರ್ಡ್ ಬ್ರಾಡ್ಲಿ ಮತ್ತು ಸಂಗಡಿಗರು ಬರೆದರು. ಅದಕ್ಕೂ ಮೊದಲು ಕೇಂಬ್ರಿಜ್‌ನ ರಿಚರ್ಡ್ ಹಿಲ್ಸ್ ಮತ್ತು ಸಂಗಡಿಗರು ಎಡ್ಜಸ್ ದತ್ತಾಂಶವನ್ನು ಮತ್ತೆ ಜಾಲಾಡಿ, ಅದರಲ್ಲಿ ಸೈನ್ ಅಲೆಯ ಆಕಾರದ ಏರಿಳಿತವೊಂದು ಅಡಗಿರುವಂತಿದೆ ಎಂದಿದ್ದರು. ಸೌರಭ್ ಸಿಂಗ್ ಮತ್ತು ರವಿ ಸುಬ್ರಹ್ಮಣ್ಯನ್ ಕೂಡ 2019ರಲ್ಲಿ ಅದೇ ದತ್ತಾಂಶದಿಂದ, ಅಂತಹ ಏರಿಳಿತವನ್ನು ಲೆಕ್ಕಕ್ಕೆ ಹಿಡಿದರೆ ಅಷ್ಟು ವಿಚಿತ್ರವಾದ ಕುಳಿ ಬೇಕಾಗುವುದಿಲ್ಲ ಎಂದು ತೋರಿಸಿದರು.

ಆದರೂ ಬೇರೆಯವರ ದತ್ತಾಂಶದಲ್ಲಿ ತಪ್ಪು ಹುಡುಕುವುದರಿಂದ ಒಂದು ಹಂತದವರೆಗೆ ಮಾತ್ರ ಹೋಗಬಹುದು. ಬೇರೆಯದೇ ರೀತಿಯ ಉಪಕರಣದಿಂದ ಅಳೆಯಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮಾಡಿದ್ದು ಅದನ್ನೇ. ಅಲ್ಲಿ ‘ಸರಸ್’ ಹೆಸರಿನ ಆಂಟೆನಾ ಸರಣಿ ವರ್ಷಗಳಿಂದ ಬೆಳೆಯುತ್ತಿತ್ತು. ಮೂರನೆಯ ಸರಸ್ ಸಿದ್ಧವಾಗುವಾಗ ತಂಡ ನೆಲದ ಸಮಸ್ಯೆಯನ್ನು ಬುಡದಲ್ಲೇ ಬದಲಿಸಿತು: ನೆಲವೇ ಬೇಡ, ನೀರಿನ ಮೇಲೆ ತೇಲಿಸೋಣ.

ನನಗೆ ಈ ನಿರ್ಧಾರದ ಮೇಲೆ ವಿಶೇಷ ಗೌರವ. ಮಣ್ಣಿನಲ್ಲಿ ಪದರಗಳಿವೆ, ತೇವ ಅಡಿಗೊಂದು ಬಗೆ. ಅಗೆದು ನೋಡಿದರೂ ಪೂರ್ತಿ ಗೊತ್ತಾಗುವುದಿಲ್ಲ. ಸಿಹಿನೀರು ಹಾಗಲ್ಲ. ಸಾಕಷ್ಟು ಆಳವಿರುವ ಕಡೆ ಅದು ಎಲ್ಲೆಡೆ ಒಂದೇ ತೆರ. ಅದರ ವಿದ್ಯುತ್ ಗುಣವನ್ನು ಒಂದು ಪಾತ್ರೆಯಲ್ಲಿ ತೆಗೆದುಕೊಂಡೇ ಅಳೆಯಬಹುದು. ರೇಡಿಯೊ ಅಲೆಗೆ ನೀರಿನ ಮೇಲ್ಮೈ ಒಂದು ಗಟ್ಟಿ ಪ್ರತಿಫಲಕ, ಅದರ ಪರಿಣಾಮವೂ ಆವರ್ತನದ ಜೊತೆ ನುಣುಪಾಗಿ ಬದಲಾಗುತ್ತದೆ. ತೆಪ್ಪದ ಮೇಲೆ ಶಂಕುವಿನಾಕಾರದ ಗಿಡ್ಡ ಆಂಟೆನಾ. ಅಲೆಯ ಉದ್ದಕ್ಕೆ ಹೋಲಿಸಿದರೆ ಅದು ಬೇಕೆಂದೇ ಚಿಕ್ಕದು. ಹಿಡಿಯುವ ಶಕ್ತಿ ಕಡಿಮೆಯಾದರೂ ಅದರ ಸ್ವಭಾವದಲ್ಲಿ ಉಬ್ಬುತಗ್ಗು ಇರುವುದಿಲ್ಲ. ದಡದಲ್ಲಿನ ಉಪಕರಣಕ್ಕೆ ಸಂಪರ್ಕ ಆಪ್ಟಿಕಲ್ ಫೈಬರ್ ಮೂಲಕ, ಏಕೆಂದರೆ ನೀರಿನ ಮೇಲೆ ಲೋಹದ ತಂತಿ ಎಳೆದರೆ ಅದೂ ಒಂದು ಆಂಟೆನಾ ಆಗಿಬಿಡುತ್ತದೆ.

2020ರ ಮೊದಲ ತಿಂಗಳುಗಳಲ್ಲಿ ತೆಪ್ಪ ಎರಡು ಕಡೆ ತೇಲಿತು: ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆ, ಆಮೇಲೆ ಶರಾವತಿ ಹಿನ್ನೀರು. ಈ ಆವರ್ತನಗಳ ಪಕ್ಕದಲ್ಲೇ, 88 ಮೆಗಾಹರ್ಟ್ಸ್‌ನಿಂದ ಎಫ್‌ಎಂ ಕೇಂದ್ರಗಳ ಗದ್ದಲ ಶುರುವಾಗುತ್ತದೆ. ಊರಿನಿಂದ ದೂರ ಹೋದರೂ ವಿಮಾನಗಳ ಮೈಗೆ, ಉಲ್ಕೆಗಳ ಜಾಡಿಗೆ ಬಡಿದು ಎಫ್‌ಎಂ ಬರುತ್ತಲೇ ಇರುತ್ತದೆ. ಹಾಳಾದ ಭಾಗಗಳನ್ನೆಲ್ಲ ಕಿತ್ತು ಹಾಕಿ ಉಳಿದದ್ದು ಸುಮಾರು 15 ಗಂಟೆಗಳ ದತ್ತಾಂಶ.

2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಫಲಿತಾಂಶ ಬಂತು: ಎಡ್ಜಸ್ ಹೇಳಿದ ಕುಳಿ ಸರಸ್ ದತ್ತಾಂಶದಲ್ಲಿ ಇಲ್ಲ, ಅದನ್ನು ಶೇ 95.3ರಷ್ಟು ವಿಶ್ವಾಸದಿಂದ ತಳ್ಳಿಹಾಕಬಹುದು. ‘ಭಾರತೀಯರು ಅಮೆರಿಕನ್ನರ ತಪ್ಪು ಹಿಡಿದರು’ ಎಂಬ ಧಾಟಿಯಲ್ಲಿ ಇದನ್ನು ಓದಿದವರಿದ್ದಾರೆ. ಆ ಓದು ನನಗೆ ರುಚಿಸುವುದಿಲ್ಲ. ಶೇ 95 ಎಂದರೆ ನಮ್ಮ ಕ್ಷೇತ್ರದಲ್ಲಿ ಎರಡು ಸಿಗ್ಮಾ, ಅಂದರೆ ಅಳತೆಯ ಅನಿಶ್ಚಿತತೆಯ ಎರಡು ಪಟ್ಟು ಮಾತ್ರ; ಒಂದು ವಾದವನ್ನು ಹೂಳಲು ಅಷ್ಟು ಸಾಲದು. ಕಪ್ಪು ದ್ರವ್ಯದ ಹೊಸ ಗುಣವನ್ನು ಒಪ್ಪಲು ಬೇಕಾದ ಸಾಕ್ಷ್ಯ ಮಾತ್ರ ಇಂದು ಇಲ್ಲ, ಅಷ್ಟನ್ನು ಧೈರ್ಯವಾಗಿ ಹೇಳಬಹುದು. ಏನೂ ಕಾಣದ ಆ ದತ್ತಾಂಶ ವ್ಯರ್ಥವೂ ಆಗಲಿಲ್ಲ. ಅದೇ ವರ್ಷ ಕೇಂಬ್ರಿಜ್‌ನ ಹ್ಯಾರಿ ಬೆವಿನ್ಸ್ ಮೊದಲಾದವರು ರಾಮನ್ ಸಂಸ್ಥೆಯವರ ಜೊತೆ ಸೇರಿ, ವಿಶ್ವಕ್ಕೆ 20 ಕೋಟಿ ವರ್ಷವಾಗಿದ್ದಾಗಿನ ಗೆಲಾಕ್ಸಿಗಳು ರೇಡಿಯೊದಲ್ಲಿ ಅತಿಯಾಗಿ ಬೆಳಗುತ್ತಿದ್ದವು ಎನ್ನುವ ಹಲವು ಮಾದರಿಗಳನ್ನು ಈ ದತ್ತಾಂಶದ ಬಲದಿಂದಲೇ ಪಕ್ಕಕ್ಕೆ ಸರಿಸಿದರು.

ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ‘ರೀಚ್’ ಎಂಬ ಇನ್ನೊಂದು ಪ್ರಯೋಗ ಇದೇ ಹುಡುಕಾಟದಲ್ಲಿದೆ. ರಾಮನ್ ಸಂಸ್ಥೆಯ ಕಣ್ಣು ಚಂದ್ರನ ಆಚೆ ಬದಿಯ ಮೇಲೆ. ‘ಪ್ರತ್ಯುಷ್’ ಎಂಬ ಉಪಕರಣವನ್ನು ಚಂದ್ರನ ಸುತ್ತ ಸುತ್ತಿಸಿ, ಭೂಮಿ ಮರೆಯಾದಾಗಲಷ್ಟೇ ಆಕಾಶವನ್ನು ಆಲಿಸುವ ಯೋಜನೆ ಅದು. ಅಲ್ಲಿ ಎಫ್‌ಎಂ ಇಲ್ಲ, ಅಲೆಗಳನ್ನು ಬಾಗಿಸುವ ಭೂಮಿಯ ಅಯಾನುಗೋಳ ಇಲ್ಲ, ಕೆಳಗೆ ಮಣ್ಣೂ ಇಲ್ಲ. ನೌಕೆಯದೇ ವಿದ್ಯುತ್ ಪೂರೈಕೆ, ಗಡಿಯಾರ, ಕಂಪ್ಯೂಟರುಗಳ ಸದ್ದು ಮಾತ್ರ ಆಂಟೆನಾದ ಪಕ್ಕದಲ್ಲೇ ಇರುತ್ತದೆ. ಅದಕ್ಕಾಗಿ ತಂಡ ಈಗ ಇಡೀ ರಿಸೀವರನ್ನು ಅಂಗೈಯಗಲದ ಒಂಟಿ ಬೋರ್ಡಿನ ಕಂಪ್ಯೂಟರಿನಿಂದ ನಡೆಸುವ ವಿನ್ಯಾಸವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಡ್ಡುತ್ತಿದೆ. ಬೋರ್ಡು ಚಿಕ್ಕದಾದಷ್ಟೂ ಸದ್ದು ಸೋರುವ ದಾರಿಗಳು ಕಡಿಮೆ.