ಆರು ತಿಂಗಳಿಗೊಂದು ಸಲ ಬನ್ನಿ ಅಂತೀವಲ್ಲ, ಆ ಲೆಕ್ಕ ಎಲ್ಲಿಂದ ಬಂತು

ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ, ಇಪ್ಪತ್ತಾರು ಇಪ್ಪತ್ತೇಳು ಇರಬಹುದು, ದಿನಾ ಜಿಮ್‌ಗೆ ಹೋಗೋ ಮೈಕಟ್ಟು. ಗಣೇಶನ ಹಬ್ಬಕ್ಕೆ ಊರಲ್ಲಿ ಇಟ್ಟಿದ್ದ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟಿದಾನೆ, ಒಂದು ವಾರ ಬಿಟ್ಟು ಬ್ಲಡ್ ಬ್ಯಾಂಕಿಂದ ಫೋನು, ಒಂದ್ಸಲ ಬಂದು ಹೋಗಿ ಅಂತ. ಹೆಪಟೈಟಿಸ್ ಬಿ ಪಾಸಿಟಿವ್, ಅಂದ್ರೆ ಲಿವರ್‌ಗೆ ತಗುಲೋ ವೈರಸ್ಸು. ಜೊತೆಗೆ ಬಂದಿದ್ದ ಅವರಮ್ಮ ರಿಪೋರ್ಟ್ ಹಿಡ್ಕೊಂಡು ಕೇಳಿದ್ದು ಒಂದೇ ಮಾತು, "ಕಣ್ಣು ಹಳದಿ ಆಗಿಲ್ಲ, ಊಟ ಸರಿಯಾಗಿ ಮಾಡ್ತಾನೆ, ಇವನಿಗೆಲ್ಲಿ ಕಾಮಣಿ ಸಾಹೇಬ್ರೆ?" ಆಮೇಲೆ ಲಿವರ್ ಟೆಸ್ಟ್ ನಾರ್ಮಲ್, ವೈರಸ್ ಕೌಂಟ್ ಕಮ್ಮಿ, ಈಗ ಮಾತ್ರೆ ಬೇಡ, ಆದ್ರೆ ಆರು ತಿಂಗಳಿಗೊಂದ್ಸಲ ಬಂದು ಟೆಸ್ಟ್‌ಗೆ ರಕ್ತ ಕೊಟ್ಟು ಹೋಗಬೇಕು, ಮುಂದೆ ವಯಸ್ಸಾದಂಗೆ ಸ್ಕ್ಯಾನೂ ಸೇರತ್ತೆ ಅಂದಾಗ ಹುಡುಗ ಮುಖ ಸಣ್ಣ ಮಾಡ್ಕೊಂಡು, ಎಷ್ಟು ವರ್ಷ ಸರ್ ಅಂದ. ಜೀವನಪೂರ್ತಿ ಅಂದೆ. ಏನೂ ಆಗದೇ ಇರೋನು ಜೀವನಪೂರ್ತಿ ಆಸ್ಪತ್ರೆಗೆ ಯಾಕೆ ಬರಬೇಕು ಅನ್ನೋದು ನ್ಯಾಯವಾದ ಪ್ರಶ್ನೆನೇ, ಅದಕ್ಕೆ ಉತ್ತರ ಇರೋದು ಅಲಾಸ್ಕಾದಲ್ಲಿ.

ಅಮೆರಿಕದ ಆ ತುದಿಯಲ್ಲಿ ಯೂಕಾನ್, ಕಸ್ಕೊಕ್ವಿಮ್ ಅಂತ ಎರಡು ನದಿ ಸಮುದ್ರ ಸೇರೋ ಬಯಲಿದೆ, ಅಲ್ಲಿರೋರು ಯೂಪಿಕ್ ಅನ್ನೋ ಮೂಲನಿವಾಸಿ ಜನ. ಊರಿಂದ ಊರಿಗೆ ರಸ್ತೆನೇ ಇಲ್ಲ, ಸಣ್ಣ ವಿಮಾನ ಇಲ್ಲಾ ದೋಣಿ, ಚಳಿಗಾಲದಲ್ಲಿ ಹಿಮದ ಮೇಲೆ ಓಡೋ ಗಾಡಿ. 1970ರ ದಶಕದಲ್ಲಿ ಅಲ್ಲಿ ಈ ವೈರಸ್ ಮನೆಮನೆಗೂ ಹೊಕ್ಕಿತ್ತು. ಮಕ್ಕಳಿಂದ ಮಕ್ಕಳಿಗೇ ಹರಡ್ತಿತ್ತು, ಹೇಗೆ ಅಂತ ಹುಡುಕಿದೋರಿಗೆ ಮಕ್ಕಳ ಜೊಲ್ಲಲ್ಲಿ, ಚರ್ಮದ ಹುಣ್ಣಲ್ಲಿ, ಸುತ್ತಮುತ್ತಲ ವಸ್ತುಗಳ ಮೇಲೂ ಅದರ ಗುರುತು ಸಿಕ್ತು (ಈ ವೈರಸ್ ಒಣಗಿದ ಜಾಗದಲ್ಲೂ ಒಂದು ವಾರ ಬದುಕಿರತ್ತೆ, ಒಂದೇ ರೇಜರ್ ಬ್ಲೇಡು, ಒಂದೇ ಬ್ರಶ್ಶು ಬೇಡ ಅಂತ ನಾವು ಬಡ್ಕೊಳ್ಳೋದು ಇದಕ್ಕೇ).

ಇಲ್ಲಿ ವಯಸ್ಸಿನ ಆಟ ಗೊತ್ತಿರಬೇಕು. ದೊಡ್ಡೋರಿಗೆ ತಗುಲಿದ್ರೆ ನೂರಕ್ಕೆ 95 ಜನ ವೈರಸ್ಸನ್ನ ಓಡಿಸಿಬಿಡ್ತಾರೆ, ಕಾಮಣಿ ಬಂದು ಹೋಗತ್ತೆ ಅಷ್ಟೆ. ಹುಟ್ಟುವಾಗ ತಗುಲಿದ್ರೆ ಉಲ್ಟಾ, ನೂರರಲ್ಲಿ 90 ಮಕ್ಕಳಲ್ಲಿ ಅದು ಬಿಡಾರ ಹೂಡತ್ತೆ. ಮಗುವಿನ ದೇಹ ಅದನ್ನ ಶತ್ರು ಅಂತಾನೇ ನೋಡಲ್ಲ, ಜಗಳ ಇಲ್ಲ ಅಂದ್ಮೇಲೆ ಜ್ವರ ಇಲ್ಲ, ಕಣ್ಣು ಹಳದಿ ಇಲ್ಲ, ಏನೂ ಇಲ್ಲ. ಆ ಅಮ್ಮನ ಪ್ರಶ್ನೆಗೆ ಉತ್ತರ ಇದೇ. ಸದ್ದಿಲ್ಲದೆ ಇದ್ದು ವೈರಸ್ ತನ್ನ ತುಣುಕನ್ನ ಲಿವರ್ ಜೀವಕೋಶದ ಡಿಎನ್‌ಎ ಒಳಗೇ ಸೇರಿಸಿಬಿಡತ್ತೆ, ಹಾಗಾಗಿ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗದೇನೂ ನೇರ ಕ್ಯಾನ್ಸರ್ ಆಗಬಹುದು. ಅಲಾಸ್ಕಾದಲ್ಲಿ ಅದು ಮಕ್ಕಳಲ್ಲೂ ಆಗ್ತಿತ್ತು. ಯಾಕೆ ಅಷ್ಟು ಬೇಗ ಅಂತ ಆಮೇಲೆ ವೈರಸ್ಸಿನ ತಳಿ ನೋಡಿದಾಗ ಎಫ್ ಅನ್ನೋ ತಳಿ ಸಿಕ್ತು, ಆ ತಳಿ ಇದ್ದ ಕ್ಯಾನ್ಸರ್ ಪೇಶಂಟ್‌ಗಳಲ್ಲಿ ಅರ್ಧದಷ್ಟು ಜನ 22 ಚಿಲ್ಲರೆ ವಯಸ್ಸಿನ ಒಳಗಿನೋರು, ಬೇರೆ ತಳಿಯೋರಲ್ಲಿ ಆ ಗಡಿ 60! ನಮ್ಮ ಕಡೆ ಹೆಚ್ಚಾಗಿ ಇರೋದು ಡಿ ಮತ್ತು ಎ ತಳಿ, ಹಾಗಾಗಿ ಹೆದರಬೇಡಿ.

ಬ್ರಯಾನ್ ಮೆಕ್‌ಮಹನ್ ಅಂತ ಡಾಕ್ಟ್ರು, ಅವರ ಜೊತೆಯೋರು, ಮೂಲನಿವಾಸಿಗಳ ಆರೋಗ್ಯ ಸಂಸ್ಥೆ ಎಲ್ಲ ಸೇರಿ 1981ರಲ್ಲಿ 15 ಊರುಗಳ 1,578 ಜನಕ್ಕೆ ಆಗಷ್ಟೇ ಬಂದಿದ್ದ ಲಸಿಕೆ ಹಾಕಿದ್ರು. ಆಮೇಲೆ ಇಡೀ ರಾಜ್ಯದ ಮೂಲನಿವಾಸಿಗಳಲ್ಲಿ 50,000ಕ್ಕೂ ಹೆಚ್ಚು ಜನಕ್ಕೆ ಟೆಸ್ಟು, ಸುಮಾರು 40,000 ಜನಕ್ಕೆ ಲಸಿಕೆ, ಹುಟ್ಟಿದ ಮಕ್ಕಳಿಗೆಲ್ಲ ಹುಟ್ಟಿದ ಕೂಡ್ಲೇ. 1987ರಲ್ಲಿ ಇಪ್ಪತ್ತರ ಒಳಗಿನ 657 ಮಕ್ಕಳಲ್ಲಿ ವೈರಸ್ ಇತ್ತು, 2008ಕ್ಕೆ ಉಳಿದಿದ್ದು ಇಬ್ಬರಲ್ಲಿ. ಈ ಎರಡು ನಂಬರ್ ನಾನು ಮೆಡಿಕಲ್ ಸ್ಟೂಡೆಂಟ್ಸ್‌ಗೆ ಬೋರ್ಡ್ ಮೇಲೆ ಬರೆದು ಸುಮ್ಮನೆ ನಿಲ್ತೀನಿ. ಮಕ್ಕಳ ಲಿವರ್ ಕ್ಯಾನ್ಸರೂ 1999ರ ನಂತರ ಅಲ್ಲಿ ನಿಂತೇ ಹೋಯ್ತು.

ಲಸಿಕೆ ಬರೋಕೆ ಮುಂಚೆನೇ ತಗುಲಿದ್ದೋರ ಗತಿ? ಅವರಿಗೆ ಅಂತ 1982ರಿಂದ ಆರು ತಿಂಗಳಿಗೊಮ್ಮೆ ಎಎಫ್‌ಪಿ ಅನ್ನೋ ರಕ್ತಪರೀಕ್ಷೆ, ಲಿವರ್ ಕ್ಯಾನ್ಸರ್ ಇದ್ರೆ ರಕ್ತದಲ್ಲಿ ಏರೋ ಅಂಶ ಅದು. 1,487 ಜನ, 16 ವರ್ಷ. ವರ್ಷಕ್ಕೆರಡು ಸಲ ಹಿಮದಲ್ಲಿ ಬಂದು ಕೈ ಚಾಚಿದ್ದಾರೆ, ಬಹುಪಾಲು ಜನಕ್ಕೆ ಏನೂ ತೊಂದ್ರೆ ಇರಲಿಲ್ಲ ಅನ್ನೋದು ನೆನಪಿರಲಿ. ಎಎಫ್‌ಪಿ ಗರ್ಭಿಣಿಯರಲ್ಲೂ ಏರತ್ತೆ, ಆ ಗೊಂದಲ ಇತ್ತು, ಆದ್ರೂ ಗಡ್ಡೆ ಚಿಕ್ಕದಿರುವಾಗಲೇ ಕೈಗೆ ಸಿಕ್ತು, ಆಪರೇಷನ್ ಆಯ್ತು, ಮೊದಲೆಲ್ಲ ಹೊಟ್ಟೆನೋವು ಬಂದ್ಮೇಲೆ ಆಸ್ಪತ್ರೆಗೆ ಬಂದು ಕೆಲವೇ ತಿಂಗಳಲ್ಲಿ ಹೋಗಿಬಿಡ್ತಿದ್ದ ಕಾಯಿಲೆಯಲ್ಲಿ ಹತ್ತು ವರ್ಷ ಬದುಕಿದೋರು ಸಿಕ್ಕಿದ್ರು. ಇವತ್ತು ನಾವು ಸ್ಕ್ಯಾನ್ ಸೇರಿಸಿದೀವಿ, ಆದ್ರೆ ಆರು ತಿಂಗಳು ಅನ್ನೋ ಲೆಕ್ಕಕ್ಕೆ ಬಲ ಕೊಟ್ಟಿದ್ದು ಈ ಜನ. ಬೂಸ್ಟರ್ ಬೇಕಾ ಡಾಕ್ಟ್ರೇ ಅಂತ ಕೇಳ್ತೀರಲ್ಲ, ಅದಕ್ಕೂ ಆ 1981ರೋರೇ ಉತ್ತರ ಕೊಟ್ಟಿದ್ದು, 35 ವರ್ಷ ಆದ್ಮೇಲೂ ಮತ್ತೆ ರಕ್ತ ಕೊಟ್ಟು, ಶೇ. 86ರಷ್ಟು ಜನರಲ್ಲಿ ರಕ್ಷಣೆ ಇನ್ನೂ ಇತ್ತು.

ಇದಕ್ಕೂ ಹಿಂದಿನ ಕತೆ ಒಂದಿದೆ, ಅದು ಇಷ್ಟು ಚೆಂದ ಇಲ್ಲ. 1963ರಲ್ಲಿ ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್‌ಗೆ ಈ ವೈರಸ್ಸಿನ ಮೊದಲ ಗುರುತು ಸಿಕ್ಕಿದ್ದು ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ, ಅದಕ್ಕೇ ಹೆಸರು ಆಸ್ಟ್ರೇಲಿಯಾ ಆಂಟಿಜೆನ್. 1976ರಲ್ಲಿ ಅವರಿಗೆ ನೊಬೆಲ್ ಬಂತು. ರಕ್ತ ಕೊಟ್ಟ ಆ ವ್ಯಕ್ತಿ ಯಾರು ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅರ್ಧ ಶತಮಾನ ಆದ್ಮೇಲೂ ಅಲ್ಲಿನ ನಾರ್ದರ್ನ್ ಟೆರಿಟರಿಯಲ್ಲಿ ಮೂಲನಿವಾಸಿಗಳಿಗೆ ಲಿವರ್ ಕ್ಯಾನ್ಸರ್ ಉಳಿದೋರಿಗಿಂತ ಸುಮಾರು ಆರು ಪಟ್ಟು ಜಾಸ್ತಿ. ಜೇನ್ ಡೇವಿಸ್ ಅನ್ನೋ ಡಾಕ್ಟ್ರು, ಯೋಲ್ಞು ಸಮುದಾಯದ ಸಾರಾ ಬುಕುಲತ್‌ಪಿ ಮತ್ತೆ ಅವರ ಕಡೆಯೋರು ಕೂತು ಜನರನ್ನ ಮಾತಾಡಿಸಿದಾಗ, ವರ್ಷಗಟ್ಟಲೆಯಿಂದ ವೈರಸ್ ಇದ್ದೋರಿಗೂ ತಮಗೇನಾಗಿದೆ ಅಂತ ಅವರ ಭಾಷೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. 2014ರಲ್ಲಿ ಯೋಲ್ಞು ಮಾತಾ ಅನ್ನೋ ಅವರ ಭಾಷೆಯಲ್ಲೇ ಇದನ್ನ ಬಿಡಿಸಿ ಹೇಳೋ ಒಂದು ಆ್ಯಪ್ ಬಂತು, ಆಮೇಲೆ ಬೇರೆ ಮೂಲನಿವಾಸಿ ಭಾಷೆಗಳಲ್ಲೂ. ಬರೀ ಅನುವಾದ ಅಲ್ಲ ಅದು, ಕತೆ ಹೇಳೋ ಕ್ರಮಾನೇ ಅವರದ್ದು. ಕನ್ನಡದಲ್ಲಿ "ಕ್ಯಾರಿಯರ್" ಅನ್ನೋದನ್ನ ಪೇಶಂಟ್‌ಗೆ ಹೇಗೆ ಹೇಳೋದು ಅಂತ ಒದ್ದಾಡೋ ನನಗೆ ಇದು ಸಣ್ಣ ಕೆಲಸ ಅನ್ಸಲ್ಲ.

ನಮ್ಮ ದೇಶಾನೂ ಇದರಿಂದ ಹೊರಗಿಲ್ಲ. ಅಂಡಮಾನಿನ ಪೋರ್ಟ್ ಬ್ಲೇರ್‌ನ ಐಸಿಎಂಆರ್ ಕೇಂದ್ರದೋರು ಅಲ್ಲಿನ ಮೂಲನಿವಾಸಿಗಳನ್ನ ನೋಡಿದಾಗ ನಿಕೋಬಾರಿಗಳಲ್ಲಿ ಶೇ. 23ರಷ್ಟು, ಜಾರವಾಗಳಲ್ಲಿ ಶೇ. 65ರಷ್ಟು ಜನಕ್ಕೆ ಈ ವೈರಸ್ ಇತ್ತು. ಜಾರವಾಗಳಲ್ಲಿ ಪರೀಕ್ಷೆ ಆಗಿದ್ದು ಬೆರಳೆಣಿಕೆಯಷ್ಟು ಜನಕ್ಕೆ, ನಿಜ, ಆದ್ರೂ ಆ ನಂಬರ್ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಅಂದಹಾಗೆ ನೆಲನೆಲ್ಲಿ. ಆ ಅಮ್ಮ ಎರಡನೇ ಸಲ ಬರುವಾಗ ಬೇರು ಸಮೇತ ಕಿತ್ಕೊಂಡು ಪ್ಲಾಸ್ಟಿಕ್ ಕವರಲ್ಲಿ ತಂದಿದ್ರು, ಇದನ್ನ ಅರೆದು ಕುಡಿಸ್ಲಾ ಅಂತ. ಅದೇ ಬ್ಲಂಬರ್ಗ್ ಮದ್ರಾಸಿನ ಸಂಶೋಧಕ ತ್ಯಾಗರಾಜನ್ ಅವರ ಜೊತೆ ಈ ಗಿಡಾನೂ ನೋಡಿದ್ರು, 1988ರಲ್ಲಿ ಔಷಧಿ ತಗೊಂಡೋರಲ್ಲಿ ಶೇ. 59ರಷ್ಟು ಜನಕ್ಕೆ ವೈರಸ್ಸಿನ ಗುರುತು ಹೋಯ್ತು ಅಂತ ರಿಪೋರ್ಟ್ ಬಂತು, ಎಲ್ರೂ ಕುಣಿದ್ರು, ಬೇರೆ ಕಡೆ ಮಾಡಿ ನೋಡಿದಾಗ ಹಾಗಾಗಲಿಲ್ಲ. ಅಮ್ಮನಿಗೆ ಇಷ್ಟನ್ನೂ ಹೇಳಿದೆ. ಕವರ್ ಮಡಚಿ ಬ್ಯಾಗಿಗೆ ಹಾಕ್ಕೊಂಡ್ರು, ಬಿಸಾಕಲಿಲ್ಲ.

ಅವರಿಗೂ ಟೆಸ್ಟ್ ಮಾಡಿಸಿದ್ವಿ, ಪಾಸಿಟಿವ್. ಹುಡುಗನ ಅಕ್ಕ ಏಳು ತಿಂಗಳ ಬಸುರಿ, ಬಾಣಂತನಕ್ಕೆ ತವರಿಗೆ ಬಂದಿದ್ದಳು, ಅವಳಿಗೂ ಪಾಸಿಟಿವ್, ವೈರಸ್ ಕೌಂಟೂ ಜಾಸ್ತಿ. ವೈರಸ್ ಕಮ್ಮಿ ಮಾಡೋ ಟೆನೊಫೊವಿರ್ ಮಾತ್ರೆ ಶುರು ಮಾಡಿದ್ವಿ, ಸರ್ಕಾರಿ ಪ್ರೋಗ್ರಾಮಲ್ಲಿ ಅದು ಫ್ರೀ. ಹೋದ ಮಂಗಳವಾರ ರಾತ್ರಿ ಹೆರಿಗೆ ಆಯ್ತು, ಮಗುವಿನ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ತಕ್ಷಣ ರಕ್ಷಣೆ ಕೊಡೋ ಇಮ್ಯುನೊಗ್ಲಾಬ್ಯುಲಿನ್, ಹನ್ನೆರಡು ಗಂಟೆ ಒಳಗೇ. ಹುಡುಗ ತಾಯಿ ಕಾರ್ಡಿನ ಫೋಟೋ ವಾಟ್ಸಾಪ್ ಮಾಡಿದ್ದ, ಲಸಿಕೆ ಹಾಕಿದ ತಾರೀಕಿನ ಸುತ್ತ ಪೆನ್ನಲ್ಲಿ ರೌಂಡ್ ಹಾಕಿ. ಕೆಳಗೆ, ನನ್ನ ಡೇಟ್ ಮಾರ್ಚ್ ಅಲ್ವಾ ಸರ್, ಅಂತ.